ಅಟ್ಟ ಸೇರಿದ ಮಾತ್ರೆಗಳು

ರಾಗಿಮುದ್ದೆಯನ್ನು ಮೇಜಿನ ಮೇಲಿಟ್ಟುಕೊಂಡು, ಕುರ್ಚಿಯಲ್ಲಿ ಕೂತು ನುಂಗಬಹುದೇ ಎಂಬ ಗಂಭೀರ ಪ್ರಶ್ನೆ ಕಳೆದ ವರ್ಷ ತುರುವೇಕೆರೆ ರಸ್ತೆಯ ಒಂದು ಹಳ್ಳಿಯನ್ನು ಇಬ್ಭಾಗ ಮಾಡಿತು. ನೆಲ ಬಿಟ್ಟು ಕೂತರೆ ಮುದ್ದೆ ಎದೆಯಲ್ಲಿ ಅಡ್ಡ ತಿರುಗುತ್ತದೆ ಎಂದು ಒಂದು ಪಕ್ಷ. ಕೂತವನ ಎತ್ತರ ಮುದ್ದೆಗೆ ಹೇಗೆ ಗೊತ್ತಾಗುತ್ತದೆ ಎಂದು ಇನ್ನೊಂದು ಪಕ್ಷ. ಹಾಲಿನ ಡೈರಿಯ ಮುಂದೆ ಬೆಳಗಿನ ಹೊತ್ತು ಈ ಚರ್ಚೆ ನಡೆದಷ್ಟು ದಿನ ಹಾಲಿನ ಫ್ಯಾಟು ಕಡಿಮೆ ಬಂದದ್ದನ್ನೂ ಯಾರೂ ಕೇಳಲಿಲ್ಲ. ಕೊನೆಗೆ ಸಂಬಂಧಪಟ್ಟ ಕಾಡಸಿದ್ದಪ್ಪನವರೇ ಮೇಜಿನ ಮುಂದೆ ಕೂತು, ನುಂಗಿ, ನೀರು ಕುಡಿದು, ‘ಇಳೀತದೆ ಕಣ್ರಪ್ಪ’ ಎಂದು ತೀರ್ಪು ಕೊಟ್ಟರು.

ಅವರ ಬಲಮಂಡಿಯನ್ನು ತುಮಕೂರಿನ ಆಸ್ಪತ್ರೆಯೊಂದರಲ್ಲಿ ತೆಗೆದು ಲೋಹದ್ದು ಹಾಕಿದ್ದರು. ನೆಲದ ಮೇಲೆ ಕೂರಕೂಡದೆಂದು ಅಲ್ಲಿನ ಡಾಕ್ಟರ್ ಸುಷ್ಮಿತಾ ಹೇಳಿದ್ದರಿಂದ ಇಷ್ಟೆಲ್ಲ ಆಗಿತ್ತು. ಕಾಡಸಿದ್ದಪ್ಪನವರು ಹೇಳಿದ್ದನ್ನು ಹೇಳಿದಂತೆ ಮಾಡುವ, ಮಾಡಿದ್ದನ್ನು ಮಾಡಿದಂತೆ ಹೇಳುವ ಮನುಷ್ಯ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಬೇರೆಯವರ ಚೀಲಕ್ಕೆ ಕೈ ಹಾಕಿ, ಉಂಡೆ ಒಡೆದು, ಒಳಗೆ ಕೌಟು ಹಿಡಿದಿದೆಯೇ ಎಂದು ಮೂಸಿ ನೋಡುವ ವರ್ತಕರು ಇವರ ಚೀಲದ ಮುಂದೆ ಬಂದಾಗ ‘ಏನು ಯಜಮಾನ್ರೇ?’ ಎಂದಷ್ಟೇ ಕೇಳುತ್ತಿದ್ದರು. ‘ಕೌಟಿಲ್ಲ’ ಎಂದರೆ ಮುಗಿಯಿತು.

ಅವರ ಹೆಂಡತಿ ಗಿರಿಜಾಂಬಿಕಮ್ಮನವರದು ಇನ್ನೊಂದು ಗುಣ. ಅವರು ಏನನ್ನೂ ಮುಗಿಸುತ್ತಿರಲಿಲ್ಲ, ಎತ್ತಿಡುತ್ತಿದ್ದರು. ಇದರಲ್ಲಿ ಆಶ್ಚರ್ಯವೇನಿಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ತಾನಾಗಿ ಕರಟ ಬಿಡುವ ತನಕ ವರ್ಷದ ಹತ್ತಿರ ಕಾಯುವ ಸೀಮೆ ಅದು. ಅವಸರಪಟ್ಟು ಒಡೆದವನು ಕೆಟ್ಟ, ಎತ್ತಿಟ್ಟವನು ಬದುಕಿದ ಎಂಬುದು ಅಲ್ಲಿ ಗಾದೆಯಲ್ಲ, ಕಸುಬು. ಆದ್ದರಿಂದ ಆ ಮನೆಯ ಅಟ್ಟದ ಏಣಿಯ ಪಕ್ಕದ ಗೂಡಿನಲ್ಲಿ ಮದುವೆ ಮನೆಗಳ ಬ್ಯಾಗು, ಔಷಧಿಯ ಖಾಲಿ ಬಾಟಲಿ, ಹಳೇ ಕನ್ನಡಕಗಳ ಜೊತೆ ಎಲ್ಲರ ಕಾಯಿಲೆಗಳಿಂದ ಉಳಿದ ಮಾತ್ರೆಗಳೂ ಇದ್ದವು.

ಆಪರೇಷನ್ನಾಗಿ ಮನೆಗೆ ಬಂದ ಮೇಲೆ ಹೊಲಿಗೆಯ ತುದಿಯಲ್ಲಿ ಸ್ವಲ್ಪ ರಸಿ ಕಾಣಿಸಿಕೊಂಡಿತ್ತು. ಡಾಕ್ಟರು ಒಂದು ದಪ್ಪ ಮಾತ್ರೆ ಬರೆದು, ‘ರಸಿ ನಿಂತ್ರೂ ನಿಲ್ಲಿಸಬೇಡಿ, ಪೂರ್ತಿ ಮುಗಿಸಿ’ ಎಂದರು. ಕೆಲವೇ ದಿನಕ್ಕೆ ರಸಿ ಒಣಗಿತು. ಆದರೆ ಕಾಡಸಿದ್ದಪ್ಪನವರಿಗೆ ಹೊಟ್ಟೆಯುರಿ ಶುರುವಾಗಿ, ಅಷ್ಟೆಲ್ಲ ಹೋರಾಡಿ ಗೆದ್ದ ಮುದ್ದೆಯೇ ರುಚಿಸದಂತಾಯಿತು. ಹಾಗಂತ ಮಾತ್ರೆ ಬಿಡುವ ಆಸಾಮಿಯಲ್ಲ.

‘ಮುಗಿಸ್ಬೇಕು ಅಂದವ್ರೆ ಕಣೇ. ಕೊಡು.’

ಗಿರಿಜಾಂಬಿಕಮ್ಮ ಕೊಟ್ಟರು. ಕೊಟ್ಟದ್ದು ಮಾತ್ರ ಅರಿಶಿನ ಬಣ್ಣದ ಬಿ ಕಾಂಪ್ಲೆಕ್ಸ್. ದಪ್ಪ ಮಾತ್ರೆಗಳು ಗೂಡು ಸೇರಿದವು. ಒಣಗಿದ ಗಾಯಕ್ಕೆ ಒಳ್ಳೇ ಮಾತ್ರೆ ಸುರಿಯುವುದು ದಂಡ, ಮುಂದಕ್ಕೆ ಆಗುತ್ತದೆ. ಕೈಗಿಟ್ಟದ್ದನ್ನು ನೋಡದೆ ನುಂಗುವ ಗಂಡ ಸಂಜೆ ಬೆಳಿಗ್ಗೆ ತಪ್ಪದೆ ನುಂಗಿ, ಕೊನೆಯ ದಿನ ಊರಿಗೆಲ್ಲ ‘ಕೋರ್ಸ್ ಮುಗೀತು’ ಎಂದು ಸಾರಿದರು.

ಮುಂದಕ್ಕೆ ಆದದ್ದೂ ನಿಜವೇ. ಪಕ್ಕದ ಮನೆ ಗಂಗಲಕ್ಷ್ಮಿಯ ಬೆರಳು ಕೀವಾದಾಗ ಎರಡು, ಅವಳ ಮೊಮ್ಮಗಳ ಕಿವಿ ಸೋರಿದಾಗ ಒಂದು. ನಂತರ ಕಾಡಸಿದ್ದಪ್ಪನವರದೇ ಮಂಡಿ ಸಣ್ಣಗೆ ಊದಿ, ಮುಟ್ಟಿದರೆ ಬೆಚ್ಚಗಾಗತೊಡಗಿದಾಗ, ‘ಗ್ಯಾಸಿಂದು, ನುಂಗಿ’ ಎಂದು ಹೆಂಡತಿ ಅದೇ ದಪ್ಪ ಮಾತ್ರೆಯಲ್ಲಿ ಎರಡು ಕೊಟ್ಟರು. ಊತ ಇಳಿಯಿತು. ಮತ್ತೆ ಬಂತು. ಮತ್ತೆ ಕೊಟ್ಟರು. ಪ್ರತಿಸಲ ಬಂದಾಗಲೂ ಊತ ಮೊದಲಿಗಿಂತ ತುಸು ಹೆಚ್ಚಿಗೆ ಕೂತು, ನಿಧಾನವಾಗಿ ಹೊರಡುವ ನೆಂಟನಂತಾಯಿತು.

ಮಗ ಯೋಗೀಶ್ ಅಪ್ಪ ಅಮ್ಮ ಇಬ್ಬರನ್ನೂ ಕಾರಿನಲ್ಲಿ ತುಮಕೂರಿಗೆ ಕರೆದೊಯ್ದ. ಡಾಕ್ಟರ್ ಸುಷ್ಮಿತಾ ಹುಳಿಯಾರಿನ ಕಡೆಯವರು. ತೋಟದ ಭಾಷೆ ಅವರಿಗೆ ಬರುತ್ತಿತ್ತು. ಮಂಡಿಗೆ ಸೂಜಿ ಹಾಕಿ ನೀರು ತೆಗೆದು, ರಕ್ತವನ್ನೂ ಸೇರಿಸಿ ಪರೀಕ್ಷೆಗೆ ಕಳಿಸುತ್ತ ಕೇಳಿದರು:

‘ತೋಟದ ಡ್ರಿಪ್ ಪೈಪೊಳಗೆ ಲೋಳೆ ಕಟ್ಟುತ್ತಲ್ಲ ಯಜಮಾನ್ರೇ, ಬರೀ ನೀರು ಬಿಟ್ರೆ ಹೋಗುತ್ತಾ?’

‘ಎಲ್ಲಿ ಹೋದಾತು? ಆಸಿಡ್ ಬುಡ್ತೀವಿ.’

‘ಸ್ಟ್ಯಾಫ್ ಅಂತ ಒಂದು ಕ್ರಿಮಿ. ನಮ್ಮೆಲ್ಲರ ಚರ್ಮದ ಮೇಲೂ ಇರುತ್ತೆ, ಸುಮ್ನಿರುತ್ತೆ. ಲೋಹ ಸಿಕ್ಕಿದ್ರೆ ಹಂಗೇ ಲೋಳೆ ಕಟ್ಕೊಂಡು ಒಳಗೆ ಕೂರುತ್ತೆ. ಮಾತ್ರೆ ಲೋಳೆ ಮೇಲ್ಗಡೆನೇ ಹರಿದು ಹೋಗುತ್ತೆ. ಅದೇನಾದ್ರೂ ಆಗಿದ್ರೆ…’

‘ಆಸಿಡ್ ಬುಟ್ಬುಡಿ.’

‘ಮಂಡಿಗೆ ಆಸಿಡ್ ಬಿಡೋಕಾಗುತ್ತಾ? ಪೈಪೇ ಬದಲಾಯಿಸ್ಬೇಕು, ಅಂದ್ರೆ ಈ ಲೋಹ ತೆಗೆದು ಬೇರೆ ಹಾಕ್ಬೇಕು. ಅವತ್ತು ಬರೆದ ಮಾತ್ರೆ ಪೂರ್ತಿ ತಗೊಂಡ್ರಾ?’

‘ಒಂದೂ ಬುಟ್ಟಿಲ್ಲ ಕಣಮ್ಮ. ಇವಳೇ ಕೈಯಾರೆ ಕೊಟ್ಟವ್ಳೆ, ಕೇಳಿ.’

‘ಈಚೆಗೆ ಬೇರೆ ಯಾವುದಾದ್ರೂ?’

‘ಗ್ಯಾಸಿಂದು ಬಿಟ್ರೆ ಏನಿಲ್ಲ.’

ಡಾಕ್ಟರು ಗಿರಿಜಾಂಬಿಕಮ್ಮನವರ ಕಡೆ ನೋಡಿದರು. ಅವರು ಗೋಡೆಯ ಮೇಲಿದ್ದ ಮೂಳೆಗಳ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಆ ವಾರ ಮನೆಯಲ್ಲಿ ಹಬ್ಬವಿಲ್ಲದೆ ಒಬ್ಬಟ್ಟು ಆಯಿತು, ಕಾರಣವಿಲ್ಲದೆ ಕಜ್ಜಾಯವೂ ಆಯಿತು. ಬಂದವರಿಗೆಲ್ಲ ಕಾಡಸಿದ್ದಪ್ಪನವರು, ‘ಇವಳಿರೋದ್ರಿಂದ ಒಂದ್ಮಾತ್ರೆ ತಪ್ಪಿಲ್ಲ ನೋಡ್ರಪ್ಪ’ ಎನ್ನುವರು. ಆಗೆಲ್ಲ ಗಿರಿಜಾಂಬಿಕಮ್ಮನವರು ಒಲೆಯ ಮೇಲೆ ಏನೋ ಉಕ್ಕಿತೆಂದು ಒಳಗೆ ಓಡುವರು. ಒಲೆ ಹಚ್ಚಿರುತ್ತಿರಲಿಲ್ಲ.

‘ಏನಕ್ಕಾ, ಮುಖ ಇಷ್ಟು ಸಣ್ಣಗಾಗೈತೆ?’ ಎಂದು ಗಂಗಲಕ್ಷ್ಮಿ ಕೇಳಿದಳು. ‘ನನ್ನ ಬೆರಳು ಮತ್ತೆ ಕೀವು ಕಟ್ಟೈತೆ, ಆ ದಪ್ಪಂದು ಒಂದೆರಡು ಇದ್ರೆ…’

‘ಇಲ್ಲ ಹೋಗೇ!’ ಎಂದು ಗಿರಿಜಾಂಬಿಕಮ್ಮ ರೇಗಿದರು. ಅಷ್ಟು ವರ್ಷದಲ್ಲಿ ಆ ಮನೆಯಿಂದ ಯಾರೂ ಇಲ್ಲವೆನಿಸಿಕೊಂಡು ಹೋಗಿರಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ರಿಪೋರ್ಟು ತಿರುವಿ ಹಾಕುತ್ತ, ‘ಏನೂ ಬೆಳೆದಿಲ್ಲ. ಕ್ರಿಮಿ ಸಿಕ್ಕಿಲ್ಲ’ ಎಂದರು. ಅವರ ಮುಖದಲ್ಲಿ ಸಮಾಧಾನವಿರಲಿಲ್ಲ. ರಕ್ತದ ಲೆಕ್ಕ ಸೋಂಕಿದೆ ಎನ್ನುತ್ತಿದೆ, ಮಂಡಿಯ ನೀರು ಇಲ್ಲ ಎನ್ನುತ್ತಿದೆ. ಆದರೂ ಸದ್ಯಕ್ಕೆ ಆಪರೇಷನ್ ಬೇಡ, ನೋವಿನ ಮಾತ್ರೆ, ವ್ಯಾಯಾಮ, ನೋಡೋಣ ಎಂದರು. ಕಾಡಸಿದ್ದಪ್ಪನವರು ಕೋಲು ಎತ್ತಿಕೊಂಡೇ ನಡೆದುಬಿಡುವಷ್ಟು ಹಿಗ್ಗಿ, ಮಗನನ್ನು ಹೊರಡಿಸಿಕೊಂಡು ಕ್ಯಾಂಟೀನಿಗೆ ಹೋದರು.

ಗಿರಿಜಾಂಬಿಕಮ್ಮ ಬಾಗಿಲ ತನಕ ಹೋದವರು ನಿಂತರು. ಬಾಯಿ ಮುಚ್ಚಿಕೊಂಡು ಹೊರಟರೆ ಗಂಡನಿಗೆ ಮಂಡಿಯೂ ಉಳಿಯುತ್ತದೆ, ಹೆಂಡತಿಯ ಮೇಲಿನ ನಂಬಿಕೆಯೂ ಉಳಿಯುತ್ತದೆ. ಹೇಳಿದರೆ ಎರಡೂ ಹೋಗುತ್ತವೆ. ಆದರೆ ಸೂಜಿ ಹಾಕಿದ ಹಿಂದಿನ ದಿನ, ಊತ ಇಳಿದಿರಲಿ ಎಂದು, ತಾವೇ ಎರಡು ದಪ್ಪ ಮಾತ್ರೆ ಕೊಟ್ಟದ್ದು ಅವರೊಬ್ಬರಿಗೇ ಗೊತ್ತಿತ್ತು.

ವಾಪಸು ಬಂದು ಕೂತು, ಸೆರಗಿನ ತುದಿಯನ್ನು ಹೊಸೆಯುತ್ತ ಎಲ್ಲ ಹೇಳಿದರು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

‘ಅದಕ್ಕೇ ಸಿಕ್ಕಿಲ್ಲ’ ಎಂದರು. ‘ಮಾತ್ರೆ ಬಿದ್ದಾಗ ಹೊರಗಿರೋವು ಸಾಯ್ತವೆ, ಲೋಳೆಯೊಳಗಿರೋವು ಉಳ್ಕೊಳ್ತವೆ. ಒಂದೆರಡು ಕೊಟ್ಟು ನಿಲ್ಲಿಸಿದಷ್ಟೂ ಗಟ್ಟಿಯಾದವೇ ಉಳಿದು ಮರಿ ಮಾಡ್ತವೆ. ಆಮೇಲೆ ಆ ಮಾತ್ರೆಗೆ ಬಗ್ಗಲ್ಲ.’

‘ಅರ್ಧ ಹೊಡೆದು ಬುಟ್ಟ ಹಾವು ಅನ್ನಿ.’

‘ಹಂಗೇ ಅಂದ್ಕೊಳ್ಳಿ. ಎಷ್ಟು ಜನಕ್ಕೆ ಕೊಟ್ಟಿದ್ದೀರಮ್ಮ?’

‘ಕೇಳಿದೋರಿಗೆಲ್ಲ.’ ಸೆರಗನ್ನು ಇನ್ನೊಂದು ಸುತ್ತು ಹೊಸೆದು, ‘ಕೇಳದೋರಿಗೂ’ ಎಂದರು.

‘ಯಜಮಾನ್ರಿಗೆ ನಾನು ಹೇಳ್ಲಾ?’

‘ಬ್ಯಾಡಿ. ನಾನೇ ಹೇಳ್ತೀನಿ.’

ಕ್ಯಾಂಟೀನಿನಲ್ಲಿ ಕಾಡಸಿದ್ದಪ್ಪನವರು ತಟ್ಟೆ ಇಡ್ಲಿಯ ಮುಂದೆ ಕೂತು ಫೋನಿನಲ್ಲಿ ಯಾರಿಗೋ, ‘ಕ್ರಿಮಿನೇ ಇಲ್ವಂತೆ ಕಣ್ಲಾ!’ ಎನ್ನುತ್ತಿದ್ದರು. ಫೋನು ಇಟ್ಟ ಮೇಲೆ ಗಿರಿಜಾಂಬಿಕಮ್ಮ ಹೇಳಿದರು. ಬಿ ಕಾಂಪ್ಲೆಕ್ಸಿನಿಂದ ಶುರುಮಾಡಿ ಗ್ಯಾಸಿನ ತನಕ, ಯಾವುದನ್ನೂ ಎತ್ತಿಡದೆ.

ಕಾಡಸಿದ್ದಪ್ಪನವರು ಮಂಡಿಯ ಮಾತೇ ಎತ್ತಲಿಲ್ಲ.

‘ಎರಡು ಸತಿ ಕೇಳಿದ್ರಲ್ಲೇ ಆ ಯಮ್ಮ. ಎರಡು ಸತೀನೂ ಎದೆ ತಟ್ಕೊಂಡು ಹೇಳ್ದೆ. ನನ್ ಬಾಯಲ್ಲಿ ಸುಳ್ಳು ಹೇಳಿಸ್ಬುಟ್ಯಲ್ಲ.’

‘ಅಪ್ಪ, ಹೋಗ್ಲಿ ಬುಡಿ’ ಎಂದ ಯೋಗೀಶ್.

‘ನೀನು ಇಡ್ಲಿ ತಿನ್ಲಾ.’

ಅವರು ಎದ್ದು, ಕೋಲೂರುತ್ತ ಮತ್ತೆ ಡಾಕ್ಟರ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು, ‘ನಾನು ಹೇಳಿದ್ದು ತಪ್ಪಮ್ಮ. ಕೋರ್ಸ್ ಮುಗಿಸಿರಲಿಲ್ಲ. ಬರ್ಕೊಳ್ಳಿ’ ಎಂದು ಹೇಳಿ ಬಂದರು. ಡಾಕ್ಟರಿಗೆ ಆಗಲೇ ಗೊತ್ತಿದೆ ಎಂದರೂ ಕೇಳಲಿಲ್ಲ. ಅವರ ಮಾತನ್ನು ಅವರೇ ವಾಪಸು ತೆಗೆದುಕೊಳ್ಳಬೇಕಿತ್ತು.

ಊರಿನ ದಾರಿಯಲ್ಲಿ ಕಾರು ಕೆ.ಬಿ. ಕ್ರಾಸ್ ತಲುಪಿತು. ಅಲ್ಲಿ ಕಾಡಸಿದ್ದಪ್ಪನವರು ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು:

‘ಹೊಟ್ಟೆಯುರಿ ಅಂದಿದ್ದು ನಾನೇ. ಮಾತ್ರೆ ನಿಲ್ಲಿಸ್ತೀನಿ ಅಂತ ನೀನು ಒಂದ್ಮಾತು ಅಂದಿದ್ರೆ ಆಗ್ತಿತ್ತು. ಕೂಗಾಡ್ತಿದ್ದೆ, ಅಷ್ಟೇ ತಾನೆ.’

ಗಿರಿಜಾಂಬಿಕಮ್ಮನವರಿಗೆ, ಗಂಡ ಕೂಗಾಡಿದ್ದರೆ ತಾವು ಸುಮ್ಮನೆ ಮಾತ್ರೆ ಕೊಟ್ಟುಬಿಡುತ್ತಿದ್ದರು, ಮಂಡಿ ಉಳಿಯುತ್ತಿತ್ತೋ ಏನೋ ಎಂದು ಅನ್ನಿಸಿತು. ಅದನ್ನು ಮಾತ್ರ ಎತ್ತಿಟ್ಟುಕೊಂಡರು.

ಕೆಲವು ವಾರ ಯಾವ ದಪ್ಪ ಮಾತ್ರೆಯನ್ನೂ ಕೊಡದೆ ಮತ್ತೆ ನೀರು ತೆಗೆದರು. ಸ್ಟ್ಯಾಫ್ ಸಿಕ್ಕಿತು. ಹಳೇ ಮಾತ್ರೆ ಅದಕ್ಕೆ ನಾಟುತ್ತಿರಲಿಲ್ಲ. ಲೋಹ ತೆಗೆದು, ಮಂಡಿಯ ಜಾಗಕ್ಕೆ ಔಷಧಿ ಬೆರೆಸಿದ ಸಿಮೆಂಟು ತುಂಬಿ, ನರಕ್ಕೆ ಇಂಜೆಕ್ಷನ್ ಕೊಟ್ಟು, ಮಳೆಗಾಲ ಕಳೆದ ಮೇಲೆ ಇನ್ನೊಂದು ಮಂಡಿ ಹಾಕಿದರು. ಅದು ಅರ್ಧದಷ್ಟೇ ಮಡಚುತ್ತದೆ. ಮನೆಯಲ್ಲಿ ಗಂಡಹೆಂಡಿರು ಮೊದಲಿನಂತೆಯೇ ಮಾತಾಡಿಕೊಂಡಿದ್ದಾರೆ. ಕಾಡಸಿದ್ದಪ್ಪನವರಿಗೆ ಮಾತ್ರೆ ಕೊಡುವವನು ಈಗ ಯೋಗೀಶ್.