ತಲೆಗೆ ಮೂರು ನಿಮಿಷ

"ಕುಡ್ದಿದ್ದೀಯೇನು? ರಸ್ತೆ ಹೆಸರು ಕೇಳಿದ್ರೆ ಪಿಕಾನ್ ಮರ ಅಂತೀಯಲ್ಲ!"

ತುರ್ತು ಫೋನಿನ ಆ ಕಡೆಯ ಹುಡುಗಿಯ ದನಿ ನನಗೂ ಕೇಳುತ್ತಿತ್ತು. ನಾನು ನೆರೆಯ ಓಜೆಲಾಳ ಅಡುಗೆಮನೆಯ ನೆಲದ ಮೇಲೆ, ಅವಳ ಗಂಡ ಕ್ಲೀಫಸ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಭಾನುವಾರ, ಚರ್ಚಿನಿಂದ ಬಂದು ಅರ್ಧ ಗಂಟೆಯಾಗಿತ್ತು. ಅವರೆಕಾಯಿ ಬಿಡಿಸುತ್ತಿದ್ದವನು ಬಟ್ಟಲಿನ ಸಮೇತ ಕುರ್ಚಿಯಿಂದ ಕೆಳಗೆ ಬಿದ್ದಿದ್ದ. ನೆಲದ ತುಂಬ ಹಸಿರು ಕಾಳು.

"ಕುಡ್ದಿಲ್ಲ ಕಣವ್ವ," ಎಂದಳು ಓಜೆಲಾ. "ನಮ್ ರಸ್ತೆಗೆ ಹೆಸ್ರೇ ಇಲ್ಲ. ರೆನ್‌ಫ್ರೋ ಸಾವ್ಕಾರ್ರ ಹತ್ತಿ ಹೊಲ ಐತಲ್ಲ, ಅದ್ರ ಹಿಂದ್ಗಡೆ ಸಾಲ್ಮನೆ. ಪಿಕಾನ್ ಮರದ ತಾವ ತಿರುಗ್ಬೇಕು. ನನ್ ಗಂಡಂಗೆ ಎದೆ ಹಿಡ್ಕಂಡದೆ. ಬಿರ್ನೆ ಕಳ್ಸವ್ವ."

"ಕಿರುಚಬೇಡ. ನಿನ್ನ ವಿಳಾಸ ಇಲ್ಲಿ ಸ್ಕ್ರೀನ್ ಮೇಲೆ ಬಂದಿದೆ. ಆಂಬುಲೆನ್ಸ್ ಹೊರಟಿದೆ."

ಹೊರಟಿದೆ ಎಂದರಲ್ಲ, ಕಾದೆವು. ಕ್ಲೀಫಸ್‌ನ ಟ್ರಕ್ಕು ಅಂಗಳದಲ್ಲೇ ನಿಂತಿತ್ತು. ಓಡಿಸುವವನು ನನ್ನ ತೊಡೆಯ ಮೇಲಿದ್ದ. ಸಾಲಿನ ಉಳಿದ ಗಂಡಸರು ಮೀನಿನ ಕಾರ್ಖಾನೆಯ ಭಾನುವಾರದ ಪಾಳಿಯಲ್ಲಿದ್ದರು. ಓಜೆಲಾ ಇನ್ನೊಮ್ಮೆ ಫೋನ್ ಮಾಡಿದಳು. ಹೊರಟಿದೆ ಎಂದರು. ಆರು ವರ್ಷದ ಮೊಮ್ಮಗಳು ಡೆನೀಸಾ ಮೊಣಕಾಲೂರಿ ಕಾಳುಗಳನ್ನು ಒಂದೊಂದಾಗಿ ಆರಿಸಿ ಬಟ್ಟಲಿಗೆ ಹಾಕುತ್ತಿದ್ದಳು. ಆರಿಸು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಗಾಡಿಯ ಸದ್ದು ಕೇಳುವಷ್ಟರಲ್ಲಿ ಬಟ್ಟಲು ತುಂಬಿತ್ತು, ಕ್ಲೀಫಸ್‌ನ ಕೈ ತಣ್ಣಗಾಗಿತ್ತು.

ಬಂದ ಇಬ್ಬರಲ್ಲಿ ಚಿಕ್ಕವನು ಅಂಗಿ ಬಿಚ್ಚಿ ಎದೆ ಒತ್ತಿ ನೋಡಿದ. ಆಮೇಲೆ ನಿಲ್ಲಿಸಿದ. ಎದ್ದು ಹೋಗುವ ಮೊದಲು ಆ ಬಿಳಿ ಹುಡುಗ ಕ್ಲೀಫಸ್‌ನ ಚರ್ಚಿನ ಅಂಗಿಯ ಗುಂಡಿಗಳನ್ನೆಲ್ಲ ಕೆಳಗಿನಿಂದ ಕೊರಳಿನವರೆಗೂ ಮತ್ತೆ ಹಾಕಿದ. ಕೊರಳಪಟ್ಟಿ ಸರಿಮಾಡಿದ. ಅವನ ಹೆಸರು ನನಗೆ ಗೊತ್ತಿಲ್ಲ.

ಗಾಡಿ ಎಲ್ಲಿಗೆ ಹೋಗಿತ್ತು ಎಂಬುದನ್ನು ಸಂಜೆ ವರ್ಲೀನ್ ಬಂದು ಹೇಳಿದಳು. ಅವಳು ನಮ್ಮ ಸಾಲಿನವಳೇ, ರೆನ್‌ಫ್ರೋ ಬಂಗಲೆಯಲ್ಲಿ ಅಡುಗೆಯವಳು.

"ಬಂಗ್ಲೆ ಮುಂದ್ಕೇ ಬತ್ತು ಕಣಕ್ಕ ಗಾಡಿ. ನೆಂಟ್ರು ಬಂದಿದ್ರು. ಅಮ್ಮಾವ್ರು ಬಾಗ್ಲು ತೆಗ್ದು, 'ಇಲ್ಲಿ ಯಾರಿಗೂ ಏನೂ ಆಗಿಲ್ಲ, ನನ್ನ ಹೂವಿನ ಪಾತಿ ಮೇಲೆ ಚಕ್ರ ಹತ್ಸಿದ್ದೀರಲ್ಲ' ಅಂತ ಬೈದು ಕಳ್ಸುದ್ರು. ನಾನಂದೆ, ಸಾಲ್ಮನೇಲಿ ಯಾರ್ಗಾರ ಏನಾರ ಆಗಿರ್ಬೋದು ಅಮ್ಮಾವ್ರೆ ಅಂತ. 'ನಿನ್ನ ಕೇಳಿದ್ನಾ? ಸಾರು ಸೀದು ಹೋಗ್ತಿದೆ ನೋಡು' ಅಂದ್ರು." ವರ್ಲೀನ್ ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡಳು. "ಸಾರ್ ನೋಡಕ್ ಹೋದೆ ಕಣಕ್ಕ."

ಬಂಗಲೆಗೂ ನಮಗೂ ರಸ್ತೆಯಲ್ಲಿ ಎರಡು ಮೈಲಿ. ನಮ್ಮ ಹದಿನೇಳು ಮನೆಗಳ ಅಂಚೆ ಡಬ್ಬಿಗಳೆಲ್ಲ ರೆನ್‌ಫ್ರೋ ಗೇಟಿನ ಪಕ್ಕ ಸಾಲಾಗಿ ನಿಂತಿವೆ. ಫೋನಿನ ಬಿಲ್ಲು ಬರುವುದೂ ಅಲ್ಲಿಗೇ. ಹಾಗಾಗಿ ಸಾಲಿನಲ್ಲಿ ಯಾರು ಒಂಬತ್ತು-ಒಂದು-ಒಂದು ಒತ್ತಿದರೂ ಜಿಲ್ಲಾ ಕಚೇರಿಯ ಪರದೆಯ ಮೇಲೆ ಬರುವುದು ಆ ಗೇಟು. ತಿಂಗಳ ಬಿಲ್ಲಿನ ಕೊನೆಯ ಸಾಲಿನಲ್ಲಿ ಈ ತುರ್ತು ಸೇವೆಗೆಂದು ಒಂದು ಡಾಲರ್ ಇರುತ್ತದೆ. ಪ್ರತಿ ಫೋನಿಗೂ ಒಂದು. ಬಂಗಲೆಯ ಫೋನಿಗೂ ಅಷ್ಟೇ, ಓಜೆಲಾಳ ಫೋನಿಗೂ ಅಷ್ಟೇ.

* * *

ಖಾಸಗಿ ರಸ್ತೆಗೆ ಹೆಸರಿಡಲು ಜಮೀನಿನ ಒಡೆಯನ ಸಹಿ ಬೇಕು ಎಂದು ಜಿಲ್ಲಾ ಕಚೇರಿಯವರು ಒಂದು ಅರ್ಜಿ ಕೊಟ್ಟರು. ಅದನ್ನು ಹಿಡಿದು ಓಜೆಲಾಳೂ ನಾನೂ ಬಂಗಲೆಯ ಹಿತ್ತಲಿಗೆ ಹೋದೆವು. ರೆನ್‌ಫ್ರೋ ಮೆಟ್ಟಿಲ ಮೇಲೆ ಕೂತು ಬೂಟಿನ ಕೆಸರು ಬಿಡಿಸುತ್ತಿದ್ದ.

"ನಿನ್ನ ಗಂಡ ಒಳ್ಳೆ ಕೆಲಸಗಾರ, ಓಜೆಲಾ. ಸಾವಿನ ಮನೆಗೆ ಅಂತ ಹಂದಿ ತೊಡೆ ಕಳಿಸಿದ್ದೆನಲ್ಲ, ಬಂತಾ?"

"ಬತ್ತು ಸಾವ್ಕಾರ್ರೆ. ಒಂದ್ ರುಜು ಬೇಕಿತ್ತು."

ಅವನು ಅರ್ಜಿಯನ್ನು ಓದಿದ. ನಗು ಬಂತು ಅವನಿಗೆ.

"ನನ್ನ ದನ ಓಡಾಡೋ ದಾರಿಗೇ ನಾನು ಹೆಸರಿಟ್ಟಿಲ್ಲ. ನಿಮಗಿಡಬೇಕಾ? ಇವತ್ತು ಹೆಸರು, ನಾಳೆ ಅದು ಜಿಲ್ಲೆಯ ರಸ್ತೆ, ನಾಡಿದ್ದು ನಲ್ಲಿ ಹಾಕಿಸು, ಚರಂಡಿ ತೋಡಿಸು ಅಂತ ಒಬ್ಬ ವಕೀಲ ಬರ್ತಾನೆ." ನನ್ನ ಕಡೆ ತಿರುಗಿದ. "ಅಡೆಲೀನ್, ಓದಿದವಳು ನೀನು. ಇವಳ ತಲೆ ಕೆಡಿಸಬೇಡ."

ನನಗೆ ಆಗ ಎಪ್ಪತ್ನಾಲ್ಕು. ಅವನಿಗೆ ಐವತ್ತೂ ಇರಲಿಲ್ಲ.

"ಸಾವ್ಕಾರ್ರೆ, ಮಗೀಗೆ ಉಬ್ಸ ಐತೆ," ಎಂದಳು ಓಜೆಲಾ. "ಅವ್ನಿದ್ದಾಗ ಟ್ರಕ್ಕಲ್ಲಿ ಹಾಕ್ಕಂಡು ಆಸ್ಪತ್ರೆಗೆ ಓಡ್ತಿದ್ದ. ನಂಗೆ ಓಡ್ಸಕ್ ಬರಾಕಿಲ್ಲ. ನಾಳೀಕೆ ಆ ಮಗೀಗೆ ಉಸ್ರು ಕಟ್ಟುದ್ರೆ ಯಾರ್ನ ಕರೀಲಿ?"

"ಓಡಿಸೋದು ಕಲಿ. ಇಲ್ಲ, ಪೇಟೆಗೆ ಹೋಗಿ ಮನೆ ಮಾಡು. ಇಲ್ಲಿ ಯಾರನ್ನೂ ಕಟ್ಟಿಹಾಕಿಲ್ಲ." ಅರ್ಜಿಯನ್ನು ಎರಡು ಮಡಿಕೆ ಮಾಡಿ, ಅದರ ಅಂಚಿನಿಂದ ಬೂಟಿನ ಅಟ್ಟೆಯ ಕೆಸರು ಕೆರೆದು ಎಸೆದ. "ತುರ್ತು ಫೋನಿನ ಮಂಡಳಿಗೆ ಹೋಗ್ತೀನಿ ಅನ್ನೋದಾದ್ರೆ, ಅದರ ಏಳು ಸದಸ್ಯರಲ್ಲಿ ನಾನೂ ಒಬ್ಬ. ಸಾಲುಮನೆಯವರು ಯಾರು ಅಲ್ಲಿ ಬಂದು ಬಾಯಿ ಬಿಡ್ತಾರೋ, ಅವರ ಮನೆ ಬೀಗ ಅದೇ ವಾರ ಬದಲಾಗುತ್ತೆ. ಎಲ್ಲರಿಗೂ ಹೇಳು."

ಪಿಕಾನ್ ಮರದ ಹತ್ತಿರ ಬಂದಾಗ ಓಜೆಲಾ ನಿಂತು ಉಗಿದಳು.

"ಬೋಳಿಮಗ. ಹಂದಿ ತೊಡೆ ಕಳ್ಸಿದ್ನಂತೆ. ಬರೀ ಉಪ್ಪು. ನಾಯಿಗಾಕುದ್ರೆ ಅದೂ ಮೂಸ್ಬುಟ್ಟು ಹೊಂಟೋಯ್ತು ಟೀಚರಮ್ಮ."

* * *

ಎರಡು ವಾರದ ಮೇಲೆ ತುಕ್ಕು ಹಿಡಿದ ಕಾರೊಂದು ಎರಡು ಸಲ ದಾರಿ ತಪ್ಪಿ, ಕೊನೆಗೆ ಸಾಲಿನ ಮೊದಲ ಮನೆಯಾದ ನನ್ನ ಮನೆಯ ಮುಂದೆ ನಿಂತಿತು. ಇಳಿದವಳು ಇಪ್ಪತ್ತೆರಡರ ಬಿಳಿ ಹುಡುಗಿ. ಬಾಯಿ ಬಿಟ್ಟ ಕೂಡಲೇ ದನಿ ಗುರುತಾಯಿತು.

"ಅವತ್ತು ಫೋನಲ್ಲಿ ಇದ್ದದ್ದು ನಾನೇ," ಎಂದಳು. "ಅವರ ಮನೆಗೆ ಹೋಗೋಕೆ ಧೈರ್ಯ ಬರಲಿಲ್ಲ. ನೀವೇ ಇದನ್ನು ಕೊಟ್ಟುಬಿಡಿ."

ನಾಲ್ಕು ಮಡಿಕೆಯ ಒಂದು ಹಾಳೆ. ಅವರ ಯಂತ್ರ ತಾನೇ ಬರೆದುಕೊಳ್ಳುವ ಹೊತ್ತುಗಳು ಅದರಲ್ಲಿದ್ದವು. ಮೊದಲ ಕರೆ, ಒಂದು ಗಂಟೆ ಹನ್ನೆರಡು ನಿಮಿಷ. ಗಾಡಿ ರೋಗಿಯ ಹತ್ತಿರ ತಲುಪಿದ್ದು, ಎರಡು ಗಂಟೆ ಮೂರು ನಿಮಿಷ. ಅದರ ಜೊತೆ ಒಂದು ಪ್ರಕಟಣೆ. ಫೋನಿನ ತುರ್ತು ಶುಲ್ಕವನ್ನು ಒಂದರಿಂದ ಎರಡು ಡಾಲರಿಗೆ ಏರಿಸಲು ಮಂಡಳಿ ಯೋಚಿಸಿದೆ, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸಾರ್ವಜನಿಕ ಸಭೆ.

"ಶುಲ್ಕ ಕಟ್ಟೋ ಪ್ರತಿಯೊಬ್ಬರಿಗೂ ಮೂರು ನಿಮಿಷ ಕೊಡಲೇಬೇಕು. ಕಾನೂನು ಹಾಗಿದೆ," ಎಂದಳು ಹುಡುಗಿ. "ನಾನು ಕೊಟ್ಟೆ ಅಂತ ಹೇಳಬೇಡಿ, ಕೆಲಸ ಹೋಗುತ್ತೆ."

ಅಷ್ಟರಲ್ಲಿ ಓಜೆಲಾ ಬಂದು ಮೆಟ್ಟಿಲ ಕೆಳಗೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಕುಡ್ದಿದ್ದೀಯ ಅಂದೋಳು ನೀನೇಯಾ?"

ಹುಡುಗಿ ಅಳತೊಡಗಿದಳು.

"ಅಳ್ಬ್ಯಾಡ. ಅಳಾಕೆ ನಂಗೇ ಪುರುಸೊತ್ತಿಲ್ಲ, ನಿಂದೇನು." ಓಜೆಲಾ ಹಾಳೆಯನ್ನು ಕಿತ್ತುಕೊಂಡಳು. ಆದರೆ ಕಾರು ಹೊರಟಾಗ ಮುಂದೆ ಹೋಗಿ, ಹಿಂದಕ್ಕೆ ತಿರುಗಿಸಲು ಜಾಗ ತೋರಿಸಿದವಳೂ ಅವಳೇ. ಅಲ್ಲಿ ಒಂದು ಚರಂಡಿಯಿದೆ, ಹೊಸಬರಿಗೆ ಕಾಣುವುದಿಲ್ಲ.

ನನ್ನ ಜಗಲಿಯ ಮೇಲೆ ಕೂತು ಅವಳು ಹಾಳೆಯನ್ನು ಬಹಳ ಹೊತ್ತು ನೋಡಿದಳು. ಅವಳು ಶಾಲೆಗೆ ಬಂದದ್ದು ಹತ್ತಿ ಬಿಡಿಸುವ ಕೆಲಸವಿಲ್ಲದ ತಿಂಗಳುಗಳಲ್ಲಿ ಮಾತ್ರ, ಅದೂ ನಾಲ್ಕು ವರ್ಷ. ಕಲಿಸಿದವಳು ನಾನೇ.

"ಟೀಚರಮ್ಮ, ಒಂದೂ ಹನ್ನೆರಡ್ರಿಂದ ಎಲ್ಡೂ ಮೂರರ ಗಂಟ ಎಷ್ಟಾಯ್ತು?"

"ಐವತ್ತೊಂದು ನಿಮಿಷ."

"ಹದಿನೇಳ್ ಮೂರ್ಲಿ?"

ಅದೂ ಐವತ್ತೊಂದೇ ಎಂದು ನಾನು ಹೇಳುವ ಮೊದಲೇ ಅವಳಿಗೆ ಹೊಳೆದಿತ್ತು.

ಆ ಸಂಜೆ ಹದಿನೇಳು ಮನೆಯವರೂ ನನ್ನ ಅಂಗಳದಲ್ಲಿ ಸೇರಿದರು. ಕಾರ್ಖಾನೆಯಿಂದ ನೇರ ಬಂದವರ ರಬ್ಬರ್ ಬೂಟುಗಳಲ್ಲಿ ಮೀನಿನ ವಾಸನೆ.

"ಹೋಗಿ ಮಾತಾಡುದ್ರೆ ಮನೆ ಕಿತ್ಕತಾನೆ ಆ ಸೂಳೆಮಗ," ಎಂದ ಮೀನು ಸೀಳುವ ಲಮಾರ್. "ಐದ್ ಮಕ್ಳ ಕಟ್ಕಂಡು ಹತ್ತಿ ಹೊಲ್ದಾಗೆ ಮನೀಕಳ್ಳಾ?"

"ಮಾತಾಡು ಅಂದೋರ್ಯಾರ್ಲಾ ನಿಂಗೆ?" ಓಜೆಲಾ ಸಿಡುಕಿದಳು. "ಬಾಯ್ ಬಿಟ್ಟೋರ ಬೀಗ ತಾನೇ ಅಂವ ಬದ್ಲಾಯ್ಸೋದು? ಬಾಯ್ ಬಿಡ್ಬ್ಯಾಡಿ. ಫೋನ್ ಬಿಲ್ ತೋರ್ಸಿ, ಮೈಕ್ ಮುಂದೆ ಹೋಗಿ, ಸುಮ್ಕೆ ನಿಂತ್ಕಳಿ. ಮೂರ್ ನಿಮ್ಷ. ಗಂಟೆ ಹೊಡುದ್ರೆ ಇನ್ನೊಬ್ರು. ನನ್ ಗಂಡ ಕಾದಷ್ಟು ಹೊತ್ತು ಆ ಏಳು ಮುಂಡೇವೂ ಕಾಯ್ಲಿ."

"ಸುಮ್ಕೆ ನಿಂತ್ರೆ ಏನವ್ವಾ ಬತ್ತದೆ?"

"ಮಾತಾಡಿ ಏನ್ ಬಂದಿತ್ಲಾ ಇಷ್ಟು ದಿನ?"

ಮೂಲೆಯಲ್ಲಿ ಕೂತಿದ್ದ ಮುದುಕ ಹೊಸೇಯ, "ಏನಂತೆ, ಏನಂತೆ?" ಎಂದು ಎಲ್ಲರ ಬಾಯಿ ನೋಡುತ್ತಿದ್ದ. ನಲವತ್ತು ವರ್ಷ ರೆನ್‌ಫ್ರೋ ಟ್ರ್ಯಾಕ್ಟರು ಓಡಿಸಿ ಅವನ ಕಿವಿ ಹೋಗಿತ್ತು. ಲಮಾರ್ ಅವನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದ. ಹೊಸೇಯ ಯೋಚಿಸಿ, "ನಾನು ಕಡೇಲಿ ನಿಂತ್ಕತೀನಿ," ಎಂದ.

* * *

ಸಭೆಯ ಮುಂಭಾಗದಲ್ಲಿ ಉದ್ದನೆಯ ಮೇಜು, ಏಳು ಜನ. ರೆನ್‌ಫ್ರೋ ಬಲಗಡೆಯ ಕೊನೆಯಲ್ಲಿ. ನಮ್ಮನ್ನು ಕಂಡು ಅವನು ಕುರ್ಚಿಯಲ್ಲಿ ನೆಟ್ಟಗಾದ. ಬಾಗಿಲಲ್ಲಿ ಗುಮಾಸ್ತೆ ಒಬ್ಬೊಬ್ಬರ ಫೋನ್ ಬಿಲ್ಲನ್ನೂ ನೋಡಿ ಹೆಸರು ಬರೆದುಕೊಂಡಳು. ಬೇಸಾಯದವನ ಬಟ್ಟೆಯಲ್ಲೇ ಬಂದಿದ್ದ ಹೊಸೇಯನ ಬಿಲ್ಲು ನಾಲ್ಕು ತುಂಡಾಗಿತ್ತು. ಆಕೆ ಅದಕ್ಕೆ ಅಂಟುಪಟ್ಟಿ ಹಚ್ಚಿ ವಾಪಸು ಕೊಟ್ಟಳು.

ಅಧ್ಯಕ್ಷ ಸ್ಟ್ರಿಬ್ಲಿಂಗ್ ವರದಿ ಓದಿದ. ಹೊಸ ರೇಡಿಯೋ ಗೋಪುರ, ಹೊಸ ಪರದೆಗಳು, ಫೋನ್ ಕೊಠಡಿಗೆ ಬೆನ್ನು ನೋಯದ ಕುರ್ಚಿಗಳು. "ಜಿಲ್ಲೆಯ ಪ್ರತಿ ರಸ್ತೆಗೂ ಹೆಸರು ಮತ್ತು ಫಲಕ ಹಾಕಿ ಮುಗಿಸಿದ್ದೇವೆ. ಒಂದು ಮನೆಯೂ ಬಿಟ್ಟುಹೋಗಿಲ್ಲ. ಈ ಕೆಲಸದಲ್ಲಿ ರೆನ್‌ಫ್ರೋ ಅವರ ಶ್ರಮ ದೊಡ್ಡದು." ಆಮೇಲೆ ಮೇಜಿನ ಮೇಲಿನ ಪುಟ್ಟ ಗಂಟೆಯನ್ನು ಹತ್ತಿರ ಎಳೆದುಕೊಂಡು ಮೊದಲ ಹೆಸರು ಕರೆದ.

ಓಜೆಲಾ ಡೆನೀಸಾಳನ್ನು ನನ್ನ ತೊಡೆಗೆ ದಾಟಿಸಿ ಎದ್ದಳು. ಮೈಕಿನ ಮುಂದೆ ನಿಂತಳು. ಎರಡು ಕೈಯನ್ನೂ ಹೊಟ್ಟೆಯ ಮೇಲೆ ಕಟ್ಟಿಕೊಂಡಳು.

"ಹೇಳಮ್ಮ," ಎಂದ ಅಧ್ಯಕ್ಷ.

ಅವಳು ಹೇಳಲಿಲ್ಲ.

"ಮೈಕ್ ಆನ್ ಇದೆ. ಹೆದರಬೇಡ, ಮಾತಾಡು."

ಮೂರು ನಿಮಿಷ ಎಷ್ಟು ಉದ್ದ ಎಂಬುದು ಅವತ್ತು ತಿಳಿಯಿತು. ಗಂಟೆ ಹೊಡೆದಾಗ ಅವಳು ಬಂದು ಕೂತಳು. ಲಮಾರ್ ಎದ್ದು ಹೋದ. ಅವನೂ ನಿಂತ. ಮಂಡಳಿಯವನೊಬ್ಬ ನಕ್ಕ. ಮೂರನೆಯವಳು ಹೋಗಿ ನಿಂತಾಗ ನಗು ನಿಂತಿತು. ನಾಲ್ಕನೆಯವಳಾಗಿ ವರ್ಲೀನ್ ಎದ್ದಳು.

"ವರ್ಲೀನ್, ಕೂತ್ಕೋ," ಎಂದ ರೆನ್‌ಫ್ರೋ, ಬಂಗಲೆಯ ಊಟದ ಕೋಣೆಯ ದನಿಯಲ್ಲಿ.

ವರ್ಲೀನಳ ಕಾಲು ಒಂದು ಕ್ಷಣ ತಡೆಯಿತು. ಆಮೇಲೆ ಮೈಕಿನವರೆಗೆ ಹೋಗಿ, ಅವನ ಮುಖವನ್ನೇ ನೋಡುತ್ತ ನಿಂತಳು.

"ಇದೇನು ನಾಟಕ? ಇವರನ್ನ ಹೊರಗೆ ಹಾಕಿ!" ರೆನ್‌ಫ್ರೋ ಮೇಜು ಕುಟ್ಟಿದ.

ಮಂಡಳಿಯ ವಕೀಲ ನಿಯಮದ ಪುಸ್ತಕ ತಿರುವಿ, ಅಧ್ಯಕ್ಷನ ಕಡೆ ಬಾಗಿ ಮೆಲ್ಲಗೆ ಹೇಳಿದ. ಎದುರಿನ ಮೈಕು ಆರಿರಲಿಲ್ಲವಾದ್ದರಿಂದ ಎಲ್ಲರಿಗೂ ಕೇಳಿಸಿತು. "ಮೂರು ನಿಮಿಷ ಅವರದ್ದು ಅಂತ ಬರೆದಿದೆ. ಮಾತಾಡಲೇಬೇಕು ಅಂತ ಎಲ್ಲೂ ಬರೆದಿಲ್ಲ. ತಡೆದರೆ ಶುಲ್ಕ ಏರಿಸಿದ್ದು ಕೋರ್ಟಿನಲ್ಲಿ ನಿಲ್ಲಲ್ಲ."

ಐದು, ಆರು, ಏಳು. ಮಾತಿಲ್ಲದ ಕೋಣೆಯಲ್ಲಿ ಫ್ಯಾನಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳತೊಡಗಿತು. ಸಣ್ಣ ಸಿಳ್ಳೆಯಂಥದು. ನನ್ನ ತೊಡೆಯ ಮೇಲೆ ಮಲಗಿದ್ದ ಡೆನೀಸಾಳ ಉಸಿರು ಅದು. ಒಳಗೆ ಹೋಗುವಾಗ ಒಂದು, ಹೊರಗೆ ಬರುವಾಗ ಒಂದು. ನಮಗೆ ಅಭ್ಯಾಸವಾಗಿದ್ದರಿಂದ ದಿನಾ ಕೇಳಿಸುವುದಿಲ್ಲ.

"ಆ ಮಗೂನ ಹೊರಗೆ ಕರ್ಕೊಂಡು ಹೋಗಿ," ಎಂದ ರೆನ್‌ಫ್ರೋ. ಯಾರೂ ಕದಲಲಿಲ್ಲ. ಮೇಜಿನ ಆ ಕಡೆಯ ಒಬ್ಬ ತನ್ನ ಕೈಗಡಿಯಾರ ನೋಡಿಕೊಂಡ, ಇನ್ನೊಬ್ಬ ಉಗುರು.

ನನ್ನ ಸರದಿ ಹದಿನಾರನೆಯದು. ಮಗುವನ್ನು ಓಜೆಲಾಳಿಗೆ ಕೊಟ್ಟು ಹೋದೆ. ಮೈಕಿನ ಕಂಬ ಹಿಡಿದು ನಿಂತೆ. ಗುಮಾಸ್ತೆ ಎದ್ದು, ಮಂಡಳಿಯವರ ಹೂಜಿಯಿಂದಲೇ ಒಂದು ಲೋಟ ನೀರು ಬಗ್ಗಿಸಿ ತಂದು ನನ್ನ ಪಕ್ಕದಲ್ಲಿಟ್ಟು ಹೋದಳು. ರೆನ್‌ಫ್ರೋ ಅದನ್ನೂ ನೋಡಿಕೊಂಡ. ನಲವತ್ತು ವರ್ಷ ಶಾಲೆಯಲ್ಲಿ ಮಾತಾಡಿ ಬದುಕಿದ ನನಗೆ ಆ ಮೂರು ನಿಮಿಷ ತುಟಿ ಮುಚ್ಚಿಕೊಂಡಿರುವುದು ಸುಲಭವಾಗಿರಲಿಲ್ಲ.

ಕಡೆಗೆ ಹೊಸೇಯ. ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಐವತ್ತೊಂದು ನಿಮಿಷ ಆಯಿತು. ಸ್ಟ್ರಿಬ್ಲಿಂಗ್ ಗಂಟೆ ಹೊಡೆದು, "ಮುಗೀತು. ಈಗ ಶುಲ್ಕಕ್ಕೆ ಮತ ಹಾಕೋಣ," ಎಂದ.

ಹೊಸೇಯ ನಿಂತೇ ಇದ್ದ.

ಮತ್ತೆ ಗಂಟೆ. ಇನ್ನೊಮ್ಮೆ, ಜೋರಾಗಿ. ಹೊಸೇಯ ಏಳು ಜನರ ಮುಖವನ್ನು ಒಂದೊಂದಾಗಿ ನೋಡುತ್ತ ನಿಂತಿದ್ದ. ಬಂಗಲೆಯ ಹಿತ್ತಲಲ್ಲಿ ಬಾರಿಸುತ್ತಿದ್ದ ಊಟದ ಗಂಟೆ ಮಾತ್ರ ನಲವತ್ತು ವರ್ಷದಲ್ಲಿ ಅವನಿಗೆ ಒಂದು ದಿನವೂ ಕೇಳಿಸದೆ ಹೋಗಿರಲಿಲ್ಲ.

"ಅವನಿಗೆ ಕಿವಿ ಕೇಳಿಸಲ್ಲ!" ರೆನ್‌ಫ್ರೋ ನಮ್ಮ ಕಡೆ ತಿರುಗಿ ಕಿರುಚಿದ. ಕತ್ತಿನ ನರ ಉಬ್ಬಿತ್ತು. "ಕೂರೋಕೆ ಹೇಳಿ ಅವನಿಗೆ! ನಿಮ್ಮಲ್ಲಿ ಯಾರಾದ್ರೂ ಬಾಯಿಬಿಟ್ಟು ಹೇಳ್ರೋ!"

ನಾವು ಹದಿನಾರು ಜನ ಅವನನ್ನೇ ನೋಡುತ್ತ ಕೂತೆವು. ಮಗುವಿನ ಉಸಿರು ಸಿಳ್ಳೆ ಹಾಕುತ್ತಿತ್ತು. ಸ್ಟ್ರಿಬ್ಲಿಂಗ್ ಗಂಟೆ ಹೊಡೆಯುತ್ತಲೇ ಇದ್ದ.