ನಾಲ್ಕನೇ ಇಂಗಾಲ

ಹಸುಗೂಸು ಕುಡಿದ ಹಾಲನ್ನೆಲ್ಲ ಕಕ್ಕುತ್ತಿತ್ತು. ಮೈ ಹಳದಿಗೆ ತಿರುಗಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ಬಾಣಂತಿ ಕೂತಲ್ಲಿ ಕೂರಲಾರದೆ ಆಸ್ಪತ್ರೆಯ ಕೋಣೆಯಲ್ಲಿ ಕಿಟಕಿಗೂ ಬಾಗಿಲಿಗೂ ಅಲೆಯುತ್ತಿದ್ದಳು.

“ಇನ್ನೊಂದ್ಸಲ ಎದೆಗೆ ಹಾಕಿ ನೋಡೇ,” ಎಂದು ಅವಳ ಅಮ್ಮ ಅನ್ನುವಷ್ಟರಲ್ಲಿ ಡಾಕ್ಟರು ಬಂದರು.

“ಹಾಲು ನಿಲ್ಲಿಸಿಬಿಡಿ. ಅದರಲ್ಲಿರೋ ಗ್ಯಾಲಕ್ಟೋಸ್ ಮಗುಗೆ ಆಗ್ತಿಲ್ಲ, ಲಿವರ್ ಕೆಡ್ತಿದೆ.”

ಅಮ್ಮ ಮಗಳತ್ತ ತಿರುಗಿದರು. “ಏನೇ ಹಾಗಂದ್ರೆ?”

“ಅದೂ ಸಕ್ಕರೇನೇ ಅಮ್ಮ. ಗ್ಲೂಕೋಸ್ ಥರಾನೇ ಆರು ಇಂಗಾಲ, ಅದೇ ಉಂಗುರದ ಆಕಾರ. ನಾಲ್ಕನೇ ಇಂಗಾಲದಲ್ಲಿ ಮಾತ್ರ ಪರಮಾಣುಗಳ ಒಂದು ಗುಂಪು ಕೆಳಗಿರೋ ಬದಲು ಮೇಲಿದೆ. ಅದನ್ನ ಗ್ಲೂಕೋಸ್ ಮಾಡ್ಕೊಳ್ಳೋಕೆ ಬೇಕಾದ ಒಂದು ಕಿಣ್ವ ಇವನಿಗಿಲ್ಲ.”

“ಅಷ್ಟಕ್ಕೇ ಇಷ್ಟೆಲ್ಲಾನಾ?”

ಪ್ರತಿ ವರ್ಷ ಬೋರ್ಡಿನ ಮೇಲೆ ನಗುನಗುತ್ತ ಬರೆದು ಅಳಿಸಿದ್ದ ವ್ಯತ್ಯಾಸವದು. ಅವಳು ಬಚ್ಚಲಿಗೆ ಹೋಗಿ, ಕಲ್ಲಿನಂತೆ ಬಿಗಿದ ಎದೆಯ ಹಾಲನ್ನು ಹಿಂಡಿ ಚೆಲ್ಲಿದಳು. ಮುಖ ತೊಳೆದು ಬಂದು, ಡಾಕ್ಟರು ಕೊಟ್ಟ, ಗ್ಯಾಲಕ್ಟೋಸ್ ಇಲ್ಲದ ಸೋಯಾ ಪುಡಿ ಕದಡಿ ಬಾಟಲಿ ಹಿಡಿದಳು. ಮಗು ಕುಡಿಯಿತು. ಎಲ್ಲಿ ಕಕ್ಕುತ್ತದೋ ಎಂದು ಅದನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡಿದ್ದೇ ಅಡ್ಡಾಡಿದ್ದು.

ಕಕ್ಕಲಿಲ್ಲ. ವಾರ ಕಳೆಯುವಷ್ಟರಲ್ಲಿ ಕಣ್ಣಿನ ಹಳದಿಯೂ ಇಳಿಯಿತು.

“ಇನ್ನಾದ್ರೂ ಕೂತ್ಕೊಳ್ಳೇ, ಕಾಲು ಸವೆದುಹೋದೀತು,” ಎಂದು ಅಮ್ಮ ಗದರಿದರು. ಅವಳು ಕೂತಳು. ಮರುಕ್ಷಣವೇ ಎದ್ದು, ಮಗುವಿನ ಉಸಿರು ನೋಡಲು ತೊಟ್ಟಿಲಿನತ್ತ ಬಗ್ಗಿದಳು.