ಬಂಕಿನ ಪಕ್ಕದ ಒಲೆ

ಮುದ್ದೆಯ ತಪ್ಪಲೆ ತಿಕ್ಕುತ್ತಿದ್ದ ಶಿವಗಂಗಮ್ಮನಿಗೆ ಬೂದಿ ಸಾಲಲಿಲ್ಲ. ತೆಂಗಿನ ನಾರನ್ನು ಕೈಯಲ್ಲಿ ಹಿಡಿದೇ ಒಳಗೆ ಬಂದು, ಬೆಳಿಗ್ಗೆಯೇ ಆರಿಸಿದ್ದ ಒಲೆಗೆ ಕೈ ಹಾಕಿದಳು. ಬೆರಳು ಚುರ್ ಎಂದಿತು. ಬೂದಿ ಸರಿದ ಕಡೆ ಹುಣಸೆ ಕೊರಡಿನ ತುಂಡೊಂದು ಕೆಂಪಗೆ ಕಣ್ಣು ಬಿಟ್ಟಿತು.

ಗೋಡೆಯ ಆಚೆ ಗುದ್ದಲಿಗಳ ಸದ್ದು ನಡೆದೇ ಇತ್ತು. ಅಡಿಗೆಮನೆಯ ತುಂಬ ಪೆಟ್ರೋಲಿನ ವಾಸನೆ.

ಗೋಡೆಗೆ ಹೊಂದಿಕೊಂಡಿದ್ದ ಮಾಗಡಿ ರಸ್ತೆಯ ಆ ಪೆಟ್ರೋಲ್ ಬಂಕು ಯುದ್ಧದ ಕಾಲದ್ದು. ನೆಲದೊಳಗೆ ಹೂತಿದ್ದ ಟ್ಯಾಂಕು ತುಕ್ಕು ಹಿಡಿದು ಸೋರಿ, ಮೂರು ತಿಂಗಳಿಂದ ಇವರ ಬಾವಿಯ ನೀರಿನ ಮೇಲೆ ಬಣ್ಣದ ಪೊರೆ ತೇಲುತ್ತಿತ್ತು. ದನಗಳೂ ಮೂಸಿ ಮುಖ ತಿರುಗಿಸುತ್ತಿದ್ದವು. ಕುಡಿಯುವ ನೀರನ್ನು ಶಿವಗಂಗಮ್ಮ ಮೂರು ಮನೆ ಆಚೆಯ ಯಶೋದಮ್ಮನ ಬಾವಿಯಿಂದ ಹೊತ್ತು ತರುತ್ತಿದ್ದಳು. ಈಗ ಹಳೆಯ ಟ್ಯಾಂಕು ತೆಗೆದು ಹೊಸದನ್ನು ಹೂಳಲು ಬಂದಿದ್ದ ಮೇಸ್ತ್ರಿ ಜಂಬಣ್ಣ ನಿನ್ನೆ ಸುತ್ತಲಿನ ಮನೆಗಳಿಗೆಲ್ಲ ಬಂದು ಕೈ ಮುಗಿದಿದ್ದ.

"ಅಕ್ಕಾ, ಎರಡು ದಿನ ಬೆಳಿಗ್ಗೆಯಿಂದ ನಾನು ಬಂದು ಹೇಳೋವರ್ಗೂ ಮನೇಲಿ ಬೆಂಕಿ ಬೇಡ. ನಿಮ್ಮ ಗೋಡೆಗೂ ಗುಂಡಿಗೂ ಐದು ಮಾರೂ ಇಲ್ಲ. ಆಳುಗಳ ಬೀಡಿ, ಬೆಂಕಿಪೊಟ್ಣ ಎಲ್ಲ ಕಿತ್ಕೊಂಡು ಡಬ್ಬಕ್ಕೆ ಹಾಕಿ ಬೀಗ ಜಡಿದಿದೀನಿ. ಕಲ್ಲಿಗೆ ಗುದ್ದಲಿ ತಾಗಿ ಕಿಡಿ ಹಾರಬಾರ್ದು ಅಂತ ನೀರು ಹುಯ್ಕೊಂಡೇ ಅಗೀತೀವಿ. ಧೂಳು ಬರದಂಗೆ ಗೋಣಿತಾಟು ನೆನಸಿ ಕಟ್ತೀನಿ. ನಿಮ್ಮ ಒಲೆ ಒಂದು ಮಾತ್ರ ನನ್ನ ಕೈಲಿಲ್ಲ."

"ಮನೆ ಒಲೆ ಆರ್ಸು ಅನ್ನೋಕೆ ಇವನ್ಯಾವ ಅಮಲ್ದಾರ?" ಎಂದಿದ್ದಳು ಅತ್ತೆ ಬೋರಮ್ಮ, ಜಗುಲಿಯಿಂದ.

"ಅಮಲ್ದಾರ ಅಲ್ಲ ಕಣಜ್ಜಿ, ಸುಟ್ಕೊಂಡೋನು." ಜಂಬಣ್ಣ ಅಂಗಿಯ ತೋಳು ಮೇಲೆತ್ತಿದ್ದ. ಮೊಣಕೈವರೆಗೂ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಮುದುಡಿತ್ತು. "ಪೆಟ್ರೋಲಿನ ಆವಿ ಕಣ್ಣಿಗೆ ಕಾಣಲ್ಲ. ನೆಲದ ಮೇಲೆ ತೆವಳ್ಕೊಂಡು ಹೋಗಿ, ಕೆಂಡ ಎಲ್ಲೈತೆ ಅಂತ ಹುಡುಕ್ತದೆ."

ಆ ಮಾತು ಕೇಳಿದಾಗಿನಿಂದ ಶಿವಗಂಗಮ್ಮನ ಕಣ್ಣು ನೆಲದ ಮೇಲೇ ಇತ್ತು. ಈಗ ಬೆರಳನ್ನು ಬಾಯಲ್ಲಿಟ್ಟುಕೊಂಡು ಹಿತ್ತಿಲಿಗೆ ಓಡಿದಳು. ಬೋರಮ್ಮ ಕೊಟ್ಟಿಗೆಯ ನೆರಳಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

"ಅತ್ತೆ, ಒಲೇಲಿ ಕೆಂಡ ಐತೆ."

"ಐತೆ. ನಾನೇ ಮುಚ್ಚಿಕ್ಕಿವ್ನಿ."

"ಮೇಸ್ತ್ರಿ ಅಷ್ಟು ಬಡ್ಕೊಂಡ್ನಲ್ಲ..."

"ಉರಿ ಐತಾ? ಹೊಗೆ ಐತಾ? ಮತ್ತೇನು ಅವನ್ದು? ಈ ಮನೆ ಹೊಸ್ಲು ತುಳ್ದು ಮೂವತ್ತೈದು ವರ್ಸ ಆಯ್ತು. ಕೆಂಡ ಆರಿದ್ದು ಒಂದೇ ಸಲ, ನಿಮ್ಮಾವ ಹೋದ ದಿನ. ಒಲೆಗೆ ನೀರು ಹುಯ್ಯೋದು ಸಾವಿನ ಮನೇಲಿ ಕಣೆ. ನನ್ನ ಮಗ ಲಾರಿ ತಕ್ಕೊಂಡು ಘಾಟಿ ಇಳೀತಾವ್ನೆ. ನಿಂಗೆ ಬೆಂಕಿ ಭಯ. ನಂಗೆ ಅವನ ಭಯ."

ಆ ಭಯ ತನಗೂ ಇದೆ ಎಂದು ಅತ್ತೆಗೆ ಹೇಳುವುದು ಹೇಗೆ? ರಾಜಾಜಿನಗರದಲ್ಲಿ ಏಳುತ್ತಿದ್ದ ಹೊಸ ಮನೆಗಳಿಗೆ ಹೆಂಚು ತರಲು ಗಂಡ ಮಂಗಳೂರಿಗೆ ಹೋಗಿದ್ದ, ಬರುವುದು ಗುರುವಾರ. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಕೆಂಡ ಮುಚ್ಚುವುದನ್ನು ಕಲಿಸಿದ್ದಳು. ಯಾವ ಕೊರಡು, ಎಷ್ಟು ಬೂದಿ, ಎಲ್ಲ. ಅವನು ದಾರಿಯಲ್ಲಿದ್ದ ರಾತ್ರಿಗಳಲ್ಲಿ ಶಿವಗಂಗಮ್ಮ ಎರಡು ಸಲ ಎದ್ದು ನೋಡುತ್ತಿದ್ದಳು. ಕೆಂಪು ಕಂಡರೆ ಸಮಾಧಾನವಾಗಿ ನಿದ್ದೆ ಬರುತ್ತಿತ್ತು.

ಅವಳು ಮರಳಿ ಒಲೆಯ ಮುಂದೆ ಬಂದು ನಿಂತಳು. ನೆಲ ನೋಡಿದಳು. ಹೊಸ್ತಿಲು ನೋಡಿದಳು. ಸಗಣಿ ಸಾರಿಸಿದ ನೆಲದ ಮೇಲೆ ಏನೂ ಇರಲಿಲ್ಲ. ಏನೂ ಕಾಣುತ್ತಿಲ್ಲ ಎನ್ನುವುದೇ ಎದೆಗೆ ಗುದ್ದಿತು.

"ನಿಲ್ಸ್ರೋ!" ಗೋಡೆಯ ಆಚೆ ಜಂಬಣ್ಣ ಕೂಗಿದ. "ಮಣ್ಣು ಪೆಟ್ರೋಲಲ್ಲಿ ನೆಂದೈತೆ! ಯಾರೂ ಗುದ್ದಲಿ ಎತ್ತಬೇಡಿ! ಮರಳು ತರ್ರೋ, ಮರಳು!"

ಗುದ್ದಲಿಗಳು ಒಟ್ಟಿಗೇ ನಿಂತವು. ವಾಸನೆ ಗಂಟಲಿಗೆ ಅಡರಿಕೊಂಡಿತು. ಶಿವಗಂಗಮ್ಮ ನೀರಿನ ಗುಡಾಣಕ್ಕೆ ಚೊಂಬು ಅದ್ದಿ ಒಲೆಯ ಬಾಯಿಗೆ ಸುರಿದುಬಿಟ್ಟಳು.

ಚೊಯ್ ಎಂದು ಬಿಸಿ ಹಬೆ ಮುಖಕ್ಕೆ ಬಡಿಯಿತು. ಅತ್ತೆಗೆ ಕೇಳಿಸೀತೆಂದು ಒಲೆಯನ್ನು ಸೆರಗಿನಿಂದ ಮುಚ್ಚಿ ಅದರ ಮೇಲೆ ಬಗ್ಗಿ ನಿಂತಳು. ಬಾಯಿಬಿಟ್ಟು ಹೇಳಬಾರದ ಗಂಡನ ಹೆಸರು ನಾಲಿಗೆಯ ತುದಿಗೆ ಬಂತು. ಸದ್ದು ಅಡಗಿದ ಮೇಲೆ ಒದ್ದೆ ಬೂದಿಯನ್ನು ಬಾಚಿ ತಿಪ್ಪೆಗೆ ಹಾಕಿದಳು. ನಿನ್ನೆಯಿಂದ ತಣ್ಣಗಿದ್ದ ಬಚ್ಚಲೊಲೆಯ ಒಣ ಬೂದಿಯನ್ನು ತಂದು, ಮೊದಲಿನಂತೆಯೇ ಗುಪ್ಪೆ ಮಾಡಿಟ್ಟಳು.

ಸಂಜೆ ಜಂಬಣ್ಣ ಬಾಗಿಲಿಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಗುಂಡಿಗೆ ಮರಳು ಹಾಕಿ ಮುಚ್ಚಿದೀವಿ ಅಕ್ಕಾ, ಗಾಳೀನೂ ಆ ಕಡೆ ತಿರುಗೈತೆ. ಬೇಗ ಅಡಿಗೆ ಮುಗಿಸ್ಕೊಳ್ಳಿ. ಮಧ್ಯಾಹ್ನ ಎಲ್ಲಾದ್ರೂ ಒಂದು ಕಿಡಿ ಇದ್ದಿದ್ರೆ..." ಅವನು ಅಂಗಿಯ ತೋಳನ್ನು ಕೆಳಗೆಳೆದುಕೊಂಡ. "ನಾಳೆ ಟ್ಯಾಂಕು ಮೇಲೆತ್ತೋದು. ಇವತ್ತಿಂದೇನೂ ಅಲ್ಲ, ನಾಳೇದೇ ಭಯ."

ಅತ್ತೆ ಏಳುವುದರೊಳಗೆ ಶಿವಗಂಗಮ್ಮ ಕಡ್ಡಿ ಗೀರಿ ಒಲೆ ಹಚ್ಚಿದ್ದಳು. ಪೊರೆ ಬಂದ ಕಣ್ಣಿನ ಬೋರಮ್ಮ ಗೋಡೆ ತಡವುತ್ತಾ ಒಳಗೆ ಬಂದಳು.

"ಕೆಂಡ ಇತ್ತೇನೆ?"

"ಇತ್ತತ್ತೆ."

"ನೋಡ್ದಾ? ನಿಮ್ಮ ಮೇಸ್ತ್ರಿ ಬಂಕೇನಾದ್ರೂ ಹಾರೋಯ್ತಾ? ಸುಟ್ಟ ಕೈ ತೋರ್ಸ್ಕೊಂಡು ಬೀದಿ ಹೆಂಗಸ್ರನ್ನೆಲ್ಲ ಹೆದರ್ಸ್ತಾನೆ! ನನ್ನ ಮಗ ಕ್ಷೇಮವಾಗವ್ನೆ ಬಿಡು."

ಶಿವಗಂಗಮ್ಮ ಮುದ್ದೆ ತಿರುವುತ್ತಿದ್ದಳು. ಕೋಲು ತಪ್ಪಲೆಯ ಅಂಚಿಗೆ ಎರಡು ಸಲ ಬಡಿಯಿತು.

ಉಂಡ ಕೂಡಲೇ ಬೋರಮ್ಮ ಕೆಂಡ ಮುಚ್ಚಲು ತಾನೇ ಕುಳಿತಳು. ತಡವಿ ತಡವಿ ಒಳ್ಳೆಯ ಕೊರಡೊಂದನ್ನು ಆರಿಸಿ, ಮೇಲೆ ಬೂದಿ ಎಳೆದು, ಮಗುವಿನ ಬೆನ್ನು ತಟ್ಟುವಂತೆ ಮೆಲ್ಲಗೆ ತಟ್ಟಿದಳು. ರಸ್ತೆಯಲ್ಲಿ ಲಾರಿಯೊಂದು ಹೋಯಿತು. ಅದು ಅವನದಲ್ಲವೆಂದು ಗೊತ್ತಿದ್ದರೂ, ಸದ್ದು ದೂರವಾಗುವ ತನಕ ಇಬ್ಬರೂ ಕೈ ಆಡಿಸಲಿಲ್ಲ.

"ಈ ಕೆಂಡ ನಾಳೆ ಸಂಜೆವರ್ಗೂ ಇರ್ತದೆ," ಎಂದಳು ಬೋರಮ್ಮ ಏಳುತ್ತಾ.

ಶಿವಗಂಗಮ್ಮ ಚೊಂಬಿನ ತುಂಬ ನೀರು ಮೊಗೆದು ಒಲೆಯ ಪಕ್ಕದಲ್ಲಿಟ್ಟಳು.

"ಅದ್ಯಾರಿಗೆ?"

"ಮಗು ಕೇಳ್ತದಲ್ಲ, ಅದಕ್ಕೆ," ಎಂದು, ಚೊಂಬಿನ ಬಾಯಿಗೆ ತಟ್ಟೆ ಮುಚ್ಚಿದಳು.